ಎಡಗಡೆಯ ಹಿಂಬಾಗಿಲು

ಫೆಬ್ರವರಿ 9

ಅಕ್ಕ,

ನಿನ್ನ ಸಾರಥಿ ಕ್ಷೇಮವಾಗಿ ಮನೆ ಸೇರಿದ್ದಾನೆ. ಕಾರನ್ನೂ ಕ್ಷೇಮವಾಗಿ ಅದರ ತವರಿಗೆ ಮುಟ್ಟಿಸಿದ್ದಾನೆ. ಬಾಡಿಗೆ ಕಂಪನಿಯ ಕೌಂಟರಿನ ಹುಡುಗಿ ಕೀಲಿ ತೆಗೆದುಕೊಂಡು, ಕಿಟಕಿಯಿಂದಲೇ ಕಾರಿನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಎಲ್ಲಾ ಸರಿಯಿದೆ ಸರ್, ಮತ್ತೆ ಬನ್ನಿ" ಎಂದಳು. ಶಾಲೆಯ ಬಸ್ಸು ಓಡಿಸುವವನನ್ನು ಯಾರಾದರೂ 'ಸರ್' ಎಂದರೆ, ಹಿಂದೆ ಹೆಡ್ಮಾಸ್ಟರು ಬಂದರೇನೋ ಎಂದು ತಿರುಗಿ ನೋಡುವ ಅಭ್ಯಾಸ ನನಗೆ. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹಾಗಾಗಿ ಆ 'ಸರ್' ನನ್ನದೇ ಎಂದು ಜೇಬಿಗೆ ಹಾಕಿಕೊಂಡೆ.

ಕಾರು ಪಡೆಯುವಾಗಲೂ ಇಷ್ಟೇ ಸುಲಭವಾಗಿತ್ತು. ದಿನಾ ಬೆಳಿಗ್ಗೆ ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, ಗಾಲಿ, ದೀಪ, ಬಾಗಿಲು ಎಲ್ಲ ಮುಟ್ಟಿ ನೋಡದೆ ಸೀಟು ಹತ್ತುವವನಲ್ಲ ನಾನು. ಆ ದಿನ ಮಾತ್ರ ರಜೆಯ ಮದ. ಕಾರಿನ ಎಡಮಗ್ಗುಲು ಗೋಡೆಗೆ ಅಂಟಿಕೊಂಡಂತೆ ನಿಂತಿತ್ತು. ಬಲಗಡೆಯಿಂದ ಹತ್ತಿದೆ, ತೋರಿಸಿದ ಕಡೆ ಸಹಿ ಹಾಕಿದೆ, ಹೊರಟೆ. ಏನೇ ಹೇಳು, ಬಿ.ಎ. ಓದಿದವನ ಸಹಿ, ಅಕ್ಷರ ಚೆನ್ನಾಗಿತ್ತು.

ಒಂದು ವಿನಂತಿ. ಸುತ್ತಿಗೆ ಮಾವನ ಮುಂದೆ ಬಾಯಿ ಬಿಡಬೇಡ. ನಾನು ಬಂದ ದಿನ ಗೇಟಿನ ಹತ್ತಿರವೇ "ಯಾರ್ದೋ ಇದು ಕಾರು?" ಎಂದರು. ಸುಮ್ಮನೆ ತಮಾಷೆಗೆ "ನಂದೇ ಮಾವ, ತಗೊಂಡೆ" ಎಂದುಬಿಟ್ಟೆ. ಆ ಮುಖ ಅರಳಿದ್ದು ನೋಡಿದ ಮೇಲೆ 'ಬಾಡಿಗೆ' ಎಂಬ ಮಾತು ಗಂಟಲಿನಿಂದ ಈಚೆ ಬರಲಿಲ್ಲ. ಜೀವಮಾನವೆಲ್ಲ ಟಿಂಕರಿಂಗ್ ಶೆಡ್ಡಿನಲ್ಲಿ ಕೂತು ಕಂಡವರ ಕಾರಿನ ನೆಗ್ಗು ತಟ್ಟಿ ಸರಿಮಾಡಿದ ಮನುಷ್ಯ. ತನ್ನ ಸೋದರಳಿಯನಿಗೊಂದು ಕಾರಾಯಿತಲ್ಲ ಎಂದು ಅದರ ಬಾನೆಟ್ಟನ್ನು ಕರುವಿನ ಬೆನ್ನು ಸವರಿದ ಹಾಗೆ ಸವರಿದರು. ಹೇಗೂ ಆ ಕಾರು ಇನ್ನು ಅವರ ಕಣ್ಣಿಗೆ ಬೀಳುವುದಿಲ್ಲ. ನನ್ನ ಸುಳ್ಳನ್ನು ನೀನು ಪಂಕ್ಚರ್ ಮಾಡಬೇಡ.

ಕಿವಿಯ ಡಾಕ್ಟರು ಕೊಟ್ಟ ಮೆಷಿನ್ ಹಾಕಿಕೊಳ್ಳುತ್ತಿದ್ದೀಯಾ? ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಕಾರನ್ನು ಮನೆಯಲ್ಲೇ ಬಿಟ್ಟು, ಬಸ್ಸಿನಲ್ಲಿ ಹೋಗಿ, ಇಡೀ ದಿನ ಕಾದು ತಂದದ್ದು. ಫೋನಿನಲ್ಲಿ ನಿನ್ನ ಕಿವಿ ಕೈಕೊಟ್ಟದ್ದರಿಂದಲೇ ನನಗೆ ಈ ಪತ್ರ ಬರೆಯುವ ಯೋಗ ಬಂದದ್ದು, ನಿಜ. ಆದರೂ ಹಾಕಿಕೋ.

ನಿನ್ನ ತಮ್ಮ


ಫೆಬ್ರವರಿ 21

ಸಾರಥಿ,

ಮೆಷಿನ್ ಹಾಕಿಕೊಂಡರೆ ಆಸ್ಪತ್ರೆಯ ಲಾಂಡ್ರಿಯೇ ತಲೆಯೊಳಗೆ ಓಡುತ್ತದೆ. ನನ್ನ ಕಿವಿ ತಿಂದದ್ದು ಅಲ್ಲಿನ ಗದ್ದಲ. ಅದನ್ನೇ ಮತ್ತೆ ಕೇಳಲು ದುಡ್ಡು ಕೊಟ್ಟ ಹಾಗಾಯಿತು. ಡ್ರಾಯರಿನಲ್ಲಿ ಮಲಗಿಸಿದ್ದೇನೆ.

ಲಾಂಡ್ರಿ ಎಂದಾಗ ನೆನಪಾಯಿತು. ನಮ್ಮಲ್ಲಿಗೆ ಹೊಸ ಮೆಷಿನ್ ಬಂದಿದೆ. ಬಟ್ಟೆ ಹಾಕುವ ಮೊದಲೇ ನಡುಗುತ್ತದೆ, ಹಾಕಿದ ಮೇಲೆ ಬೈಯುತ್ತದೆ, ಕೆಲಸ ಮುಗಿದ ಮೇಲೂ ಗೊಣಗುತ್ತದೆ. ಎಲ್ಲರೂ ಸೇರಿ 'ಅತ್ತೆ' ಎಂದು ಹೆಸರಿಟ್ಟಿದ್ದೇವೆ.

ಮಾವ ಚೆನ್ನಾಗಿದ್ದಾರೆ. ಕೈಯ ನಡುಕ ಹಾಗೇ ಇದೆ. ಹೋದ ವರ್ಷ ಬೆರಳು ಜಜ್ಜಿಕೊಂಡ ಮೇಲೆ ಟೂಲ್ಸ್ ಪೆಟ್ಟಿಗೆಗೆ ನಾನು ಹಾಕಿದ ಬೀಗವೂ ಹಾಗೇ ಇದೆ. ಇನ್ನು ಸುತ್ತಿಗೆ ಮುಟ್ಟುವುದಿಲ್ಲ ಎಂದು ಅವರು ಕೊಟ್ಟ ಮಾತೂ ಹಾಗೇ ಇದೆ ಎಂದುಕೊಳ್ಳುತ್ತೇನೆ.

ನಿನ್ನ ಕಾಗದ ಬಂದಾಗ "ಕಾರು ಹೆಂಗಿದೆಯಂತೆ? ಎಡಗಡೆ ನೋಡಿದ್ನಂತಾ?" ಎಂದು ಕೇಳಿದರು. ಯಾಕೆ ಎಂದೆ. ನಕ್ಕರು. ನೀವಿಬ್ಬರೂ ಸೇರಿ ನನ್ನಿಂದ ಏನಾದರೂ ಮುಚ್ಚಿಟ್ಟಿದ್ದರೆ ಇರಲಿ. ಆದರೆ ಬರುವ ದಾರಿಯಲ್ಲಿ ಏನಾದರೂ ಆಗಿದ್ದರೆ ನನಗೆ ಹೇಳು. ಬೈಯುವುದಿಲ್ಲ. ಕಲೆಯನ್ನು ಹಸಿಯಾಗಿದ್ದಾಗಲೇ ತೆಗೆಯಬೇಕು, ಒಣಗಲು ಬಿಟ್ಟರೆ ಆಮೇಲೆ ಬಟ್ಟೆಯನ್ನೇ ತೆಗೆಯಬೇಕಾಗುತ್ತದೆ. ಇದು ನನ್ನ ಕೆಲಸದ ಮಾತು.

ಅಕ್ಕ


ಮಾರ್ಚ್ 18

ಅಕ್ಕ,

ಬಾಡಿಗೆ ಕಾರಿನ 'ಬಾಡಿ'ಗೆ ಏಟಾಗಿದೆಯಂತೆ. ನಗು. ಈ ತಮಾಷೆ ಮಾಡಿಕೊಂಡು ನಾನೂ ನಕ್ಕೆ, ನಿನ್ನೆ ಮಧ್ಯಾಹ್ನ, ಒಬ್ಬನೇ, ಬಸ್ಸಿನ ಶೆಡ್ಡಿನಲ್ಲಿ. ಆಮೇಲೆ ಕೈ ತಣ್ಣಗಾಯಿತು.

ಕಂಪನಿಯವರು ಬರೆದಿದ್ದಾರೆ. ಕಾರು ವಾಪಸು ಕೊಟ್ಟು ಇಷ್ಟು ವಾರಗಳಾದ ಮೇಲೆ! ನನ್ನ ನಂತರ ಗಿರಾಕಿ ಇಲ್ಲದೆ ಅದು ಅವರ ಅಂಗಳದಲ್ಲೇ ನಿಂತಿತ್ತಂತೆ. ಈಗ ಸರ್ವೀಸಿಗೆ ಬಿಟ್ಟಾಗ ಎಡಗಡೆಯ ಹಿಂಬಾಗಿಲಿನಲ್ಲಿ, ಬಣ್ಣದ ಕೆಳಗೆ, ನೆಗ್ಗು ತುಂಬುವ ಪುಟ್ಟಿ ಸಿಕ್ಕಿದೆ. ಎಲ್ಲೋ ಏಟು ಬಿದ್ದು ಬಾಗಿಲು ಒಳಗೆ ಹೋಗಿ, ಅದನ್ನು ಯಾರೋ ತಟ್ಟಿ, ಪುಟ್ಟಿ ತುಂಬಿ, ಬಣ್ಣ ಹೊಡೆದಿದ್ದಾರೆ. ಬಾಗಿಲು ಎಂದ ಮೇಲೆ ಬಾಗದೇ ಇರುತ್ತದೆಯೇ ಎಂದು ಉತ್ತರ ಬರೆಯೋಣವೆನ್ನಿಸಿತು. ಆದರೆ ಅವರು ತಮಾಷೆಯ ಜನರಲ್ಲ. 'ಕಾರು ಪಡೆಯುವಾಗ ಬಾಗಿಲು ಸರಿಯಾಗಿತ್ತೆಂದು ತಾವೇ ಸಹಿ ಮಾಡಿದ್ದೀರಿ. ಆದ್ದರಿಂದ ತಾವು ಡಿಕ್ಕಿ ಮಾಡಿ, ಅದನ್ನು ಮುಚ್ಚಿಡಲು ಗುಟ್ಟಾಗಿ ರಿಪೇರಿ ಮಾಡಿಸಿದ್ದೀರಿ.' ದಂಡದ ಹಣವನ್ನು ಕೇಳುವ ಮೊದಲೇ ನನ್ನ ಕಾರ್ಡಿನಿಂದ ಎಳೆದುಕೊಂಡಿದ್ದಾರೆ. ಅದು ಹೋಗಲಿ. ಕೊನೆಯ ಸಾಲು ಕೇಳು: 'ಎಲ್ಲಿ, ಯಾವಾಗ, ಯಾವುದಕ್ಕೆ ಅಥವಾ ಯಾರಿಗೆ ಡಿಕ್ಕಿಯಾಯಿತೆಂದು ಬರೆದು ತಿಳಿಸಿ, ತಪ್ಪಿದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ.'

ಯಾರಿಗೆ. ನೋಡಿದೆಯಾ ಆ ಪದ? ಅದನ್ನು ದಾಟಿ ಮುಂದೆ ಓದಲು ನನಗೆ ಬಹಳ ಹೊತ್ತು ಹಿಡಿಯಿತು.

ನಾನು ಯಾವ ರಿಪೇರಿಯನ್ನೂ ಮಾಡಿಸಿಲ್ಲ. ಯಾವುದಕ್ಕೂ ಗುದ್ದಿಲ್ಲ. ಹಾಗೆಂದು ಬರೆಯಲು ಕೂತೆ. ಆಗ ಒಂದು ವಿಷಯ ತಲೆಗೆ ಬಂತು, ಬಂದದ್ದು ಹೋಗುತ್ತಿಲ್ಲ. ನಿಮ್ಮಲ್ಲಿಗೆ ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದು ನೆನಪಿದೆ. ಆಮೇಲೆ ಸೇತುವೆಯ ಮೇಲಿದ್ದದ್ದು ನೆನಪಿದೆ. ನಡುವೆ ಮಂಜು ಮುಸುಕಿದ ಉದ್ದನೆಯ ರಸ್ತೆಯೊಂದು ಇರಬೇಕಲ್ಲ? ಅದು ಇಲ್ಲ. ತಡಕಾಡಿದರೆ ಕೈಗೆ ಏನೂ ಸಿಗುತ್ತಿಲ್ಲ. ಆ ವಾರದ ಪತ್ರಿಕೆಗಳನ್ನು ಲೈಬ್ರರಿಯಲ್ಲಿ ತೆಗೆಸಿ ನೋಡಿದೆ. ಆ ರಸ್ತೆಯಲ್ಲಿ ಯಾರಿಗೂ ಏನೂ ಆದ ಸುದ್ದಿಯಿಲ್ಲ. ಆದರೆ ಎಲ್ಲವೂ ಪತ್ರಿಕೆಯಲ್ಲಿ ಬರುತ್ತದೆಯೇ?

ಮಾವನಿಗೆ ಹೇಳು, ಕಾರು ಚೆನ್ನಾಗಿದೆ, ಎಡಗಡೆ ಬಲಗಡೆ ಎರಡೂ ಫಸ್ಟ್ ಕ್ಲಾಸ್ ಎಂದು.

ತಮ್ಮ


ಮಾರ್ಚ್ 27

ಸಾರಥಿ,

ನಿನ್ನ ಕಾಗದ ಎರಡು ಸಲ ಓದಿದೆ. ಮಾವನಿಗೆ ತೋರಿಸಿಲ್ಲ.

ಗಾಬರಿ ಬೀಳಬೇಡ. ಕಂಪನಿಗೆ ಈಗಲೇ ಏನೂ ಬರೆಯಬೇಡ. ಮೊದಲು ನನಗೆ ಕೆಲವು ವಿಷಯ ಬರೆದು ಕಳಿಸು. ಯಾರನ್ನೂ ಕೇಳದೆ, ಏನನ್ನೂ ತೆಗೆದು ನೋಡದೆ. ನೀನು ಇಲ್ಲಿಗೆ ಬಂದದ್ದು ಯಾವ ತಿಂಗಳು, ಯಾವ ವಾರ? ಬಂದಾಗ ಮನೆಯಲ್ಲಿ ಯಾರ್ಯಾರಿದ್ದೆವು? ಕಿವಿಯ ಡಾಕ್ಟರ ಹತ್ತಿರ ಹೋಗಿ ಬಂದ ಸಂಜೆ ನಾನು ಯಾವ ಸೂಪು ಮಾಡಿದ್ದೆ? ಊಟಕ್ಕೆ ಮುಂಚೆ ಅಂಗಳದಲ್ಲಿ ನಿಂತು ನೀನು ಮಾವನ ಹತ್ತಿರ ಏನು ಮಾತಾಡಿದೆ?

ಸುಮ್ಮನೆ ಕೇಳುತ್ತಿದ್ದೇನೆ.

ಇಲ್ಲಿ ಎಲ್ಲ ಮಾಮೂಲು. ಲಾಂಡ್ರಿಗೆ ಹೊಸ ಮೆಷಿನ್ ಬಂದಿದೆ. ಬಟ್ಟೆ ಹಾಕುವ ಮೊದಲೇ ನಡುಗುತ್ತದೆ, ಹಾಕಿದ ಮೇಲೆ ಬೈಯುತ್ತದೆ. ನಾವು ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದೇವೆ. ನಿನಗೆ ಸ್ವಲ್ಪ ನಗು ಬರಲಿ ಎಂದು ಬರೆದೆ.

ಮಾವ ಮತ್ತೆ ಕೇಳಿದರು, "ಎಡಗಡೆ ನೋಡಿ ಏನಂದ ಅವ್ನು?" ಎಂದು. ನಾನೇನು ಹೇಳಲಿ?

ಅಕ್ಕ


ಏಪ್ರಿಲ್ 3

ಅಕ್ಕ,

'ಸುಮ್ಮನೆ ಕೇಳುತ್ತಿದ್ದೇನೆ.'

ಇದನ್ನು ಮೊದಲು ಹೇಳಿದವರು ಯಾರೆಂದು ನಿನಗೂ ಗೊತ್ತು, ನನಗೂ ಗೊತ್ತು. ಹಸಿರು ಪರದೆಯ ಕೋಣೆ. ಅಮ್ಮನ ಡಾಕ್ಟರು. "ಸುಮ್ನೆ ಕೇಳ್ತಿದೀನಮ್ಮ, ಇದು ಯಾವ ತಿಂಗಳು? ಮನೇಲಿ ಯಾರ್ಯಾರಿದ್ದೀರಿ? ನಿನ್ನೆ ಏನ್ ಊಟ ಮಾಡಿದ್ರಿ?" ಅಮ್ಮ ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡುವ ಹುಡುಗಿಯ ಹಾಗೆ ನಿನ್ನ ಮುಖ ನೋಡಿದಳು. ನೀನು ಅವಳ ಕೈಚೀಲದ ಹಿಡಿಯನ್ನು ತಿರುಚುತ್ತಾ ಕೂತಿದ್ದೆ. ಈಗ ಅದೇ ಪ್ರಶ್ನೆಪತ್ರಿಕೆ ನನಗೆ ಬಂದಿದೆ, ಅಂಚೆಯಲ್ಲಿ.

ಅಮ್ಮನಿಗೆ ಮೊದಲು ಹೋದದ್ದು ಊಟದ ನೆನಪು. ಆಮೇಲೆ ಹೇಳಿದ ಸುದ್ದಿಯನ್ನೇ ಹೊಸದಾಗಿ ಹೇಳತೊಡಗಿದಳು. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದನ್ನು ಎಷ್ಟು ಸಲ ಹೇಳಿದಳೆಂದರೆ ಆ ಬೆಕ್ಕಿಗೇ ಸುಸ್ತಾಗಿರಬೇಕು. ಅವಳ ಮೂಗು ನನಗೆ ಬಂತು, ಹಣೆ ನಿನಗೆ ಬಂತು. ಇನ್ನೇನು ಯಾರಿಗೆ ಬಂದಿದೆಯೋ ಎಂದು ನಾವಿಬ್ಬರೂ ಒಮ್ಮೆಯೂ ಬಾಯಿ ಬಿಟ್ಟು ಕೇಳಿಕೊಂಡಿಲ್ಲ. ಈಗ ನೀನು ಕೇಳಿದೆ.

ತಗೋ ಉತ್ತರ. ಫೆಬ್ರವರಿ, ಮೊದಲ ವಾರ. ನೀನು, ಮಾವ. ಎಲೆಕೋಸಿನ ಸೂಪು, ಉಪ್ಪು ಕಡಿಮೆ ಇತ್ತು, ಹೇಳಲಿಲ್ಲ. ಅಂಗಳದಲ್ಲಿ ಮಾವ "ಎಷ್ಟು ಕೊಡುತ್ತೆ ಲೀಟರಿಗೆ?" ಎಂದರು, ನಾನು ಬಾಯಿಗೆ ಬಂದದ್ದು ಹೇಳಿದೆ. ಅಷ್ಟೇ. ಪಾಸೋ ಫೇಲೋ?

ನಿನ್ನ ಕಾಗದ ತಲುಪುವ ಹೊತ್ತಿಗೆ ತಡವಾಗಿತ್ತು. ಕಂಪನಿಗೆ ಬರೆದುಬಿಟ್ಟಿದ್ದೆ. 'ಡಿಕ್ಕಿಯಾಗಿರಬೇಕು. ನನಗೆ ನೆನಪಿಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ ದಯವಿಟ್ಟು ನನಗೆ ತಿಳಿಸಿ.' ಬಯ್ಯಿ. ಆದರೆ ಆ ಬಾಗಿಲು ಬಾಗಿದ್ದು ಸುಳ್ಳಲ್ಲ, ಅಕ್ಕ. ಸರಿಮಾಡಿದ್ದೂ ಸುಳ್ಳಲ್ಲ. ಮಾಡಿದವನು ನಾನಲ್ಲದೆ ಇನ್ಯಾರು? ಗುದ್ದಿದ್ದನ್ನು ಮರೆಯಬಹುದು. ಗುದ್ದಿ, ರಿಪೇರಿಯವನನ್ನು ಹುಡುಕಿ, ಬಣ್ಣ ಹೊಡೆಸಿ, ಕಾಸು ಕೊಟ್ಟು, ಅಷ್ಟನ್ನೂ ಮರೆತವನು ಬಸ್ಸಿನ ಸ್ಟೀರಿಂಗ್ ಹಿಡಿಯಬಹುದೇ?

ಸೋಮವಾರ ಬೆಳಿಗ್ಗೆ ಎಂದಿನಂತೆ ಬಸ್ಸಿನ ಸುತ್ತ ಸುತ್ತು ಹಾಕಿದೆ. ಸೀಟು ಹತ್ತಿದೆ. ನನ್ನ ಬೆನ್ನಿಗೇ ಕೂರುವ ಒಂದನೇ ಕ್ಲಾಸಿನ ಹುಡುಗಿ, ಮುಂದಿನ ಎರಡು ಹಲ್ಲಿಲ್ಲದವಳು, "ಅಂಕಲ್, ಹೋಗೋಣ್ವಾ?" ಎಂದಳು. ಕೀಲಿ ತಿರುಗಿಸಲು ಆಗಲಿಲ್ಲ. ಇಳಿದು ಆಫೀಸಿಗೆ ಹೋಗಿ ಮೇಡಂ ಮೇಜಿನ ಮೇಲೆ ಕೀಲಿ ಇಟ್ಟು, ಹುಷಾರಿಲ್ಲ ಎಂದೆ. ಏನಾಗಿದೆ ಎಂದು ಕೇಳಿದರು. ಅದು ಗೊತ್ತಿದ್ದರೆ ಹುಷಾರಾಗಿರುತ್ತಿದ್ದೆ.

ತಮ್ಮ


ಏಪ್ರಿಲ್ 9

ಸಾರಥಿ,

ಎಲೆಕೋಸಲ್ಲ. ಆಲೂಗಡ್ಡೆ. ಸಿಪ್ಪೆ ತೆಗೆದವಳು ನಾನು, ಹೆಬ್ಬೆರಳು ಕೊಯ್ದುಕೊಂಡದ್ದೂ ನಾನೇ. ಬರೆಯಬಾರದೆಂದುಕೊಂಡಿದ್ದೆ. ಆದರೆ ನಿನಗೆ ಸುಳ್ಳು ಸಮಾಧಾನ ಹೇಳಿ ಏನು ಪ್ರಯೋಜನ?

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಸಂಜೆ ನಾವು ಮನೆಗೆ ಬಂದಾಗ ಮಾವನ ಮೈಯಿಂದ ಬಣ್ಣಕ್ಕೆ ಬೆರೆಸುವ ತಿನ್ನರ್ ವಾಸನೆ ಹೊಡೆಯುತ್ತಿತ್ತು. ಅಂಗಿಯ ತೋಳಿನ ತುದಿಯಲ್ಲಿ ಬೂದು ಬಣ್ಣ, ಉಗುರಿನ ಸಂದಿಯಲ್ಲಿ ಪುಟ್ಟಿ. ಕಲೆ ಗುರುತಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. "ಏನಿದು ಮಾವ?" ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟು, ನೀನು ಕೈಕಾಲು ತೊಳೆಯುತ್ತಿದ್ದ ಬಚ್ಚಲ ಕಡೆ ತೋರಿಸಿದರು. ನನಗೆ ಅರ್ಥವಾಯಿತು. ನೀನು ದಾರಿಯಲ್ಲಿ ಎಲ್ಲೋ ಗುದ್ದಿದ್ದೀಯ, ಮಾವನ ಕೈಯಲ್ಲಿ ಸರಿಮಾಡಿಸಿದ್ದೀಯ, ಅಕ್ಕನಿಗೆ ಹೇಳಬೇಡಿ ಎಂದಿದ್ದೀಯ. ಬೈಯುತ್ತೇನೆಂಬ ಹೆದರಿಕೆ ಎಂದುಕೊಂಡು ಸುಮ್ಮನಾದೆ. ನೀನೇ ಹೇಳಲಿ ಎಂದು ಕಾದೆ.

ನಿನ್ನ ಮಾರ್ಚಿನ ಕಾಗದ ನೋಡಿ, ನನ್ನ ಹತ್ತಿರವೂ ನಾಟಕವಾಡುತ್ತಿದ್ದಾನೆ ಎಂದು ಮೊದಲು ಸಿಟ್ಟು ಬಂತು. ಎರಡನೆಯ ಸಲ ಓದಿದಾಗ, ಇವನು ನಾಟಕವಾಡುತ್ತಿಲ್ಲ ಎನ್ನಿಸಿತು. ಆಗ ಹೆದರಿಕೆಯಾಯಿತು. ಅದಕ್ಕೇ ಆ ಪ್ರಶ್ನೆಗಳು.

ಮಾವನಿಗೆ ನೀನೇ ಹೇಳಿದ್ದು. ನೆನಪು ಮಾಡಿಕೋ. ಎಲ್ಲಿ ಗುದ್ದಿದೆ?

ಅಕ್ಕ


ಏಪ್ರಿಲ್ 13

ಅಕ್ಕ,

ನಾನು ಮಾವನಿಗೆ ಏನೂ ಹೇಳಿಲ್ಲ.

ಈ ಸಾಲು ಬರೆದು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಹೇಳಿಲ್ಲವೋ, ಹೇಳಿ ಮರೆತೆನೋ? ಎರಡೂ ಒಳಗಿನಿಂದ ಒಂದೇ ಥರ ಇರುತ್ತವೆ. ಅಮ್ಮನಿಗೂ ಹೀಗೇ ಇತ್ತೇನೋ. ನಾವು 'ನೆನಪು ಮಾಡ್ಕೋ ಅಮ್ಮ, ನೆನಪು ಮಾಡ್ಕೋ' ಎಂದು ಅವಳ ಪ್ರಾಣ ತಿಂದೆವಲ್ಲ.

ಅದೇ ಹಸಿರು ಪರದೆಯವರ ಹತ್ತಿರ ಹೆಸರು ಬರೆಸಿದ್ದೇನೆ. ಅಲ್ಲಿಯವರೆಗೆ ಮನೆಯಲ್ಲೇ ಇರುತ್ತೇನೆ, ರಸ್ತೆ ದಾಟಲೂ ಧೈರ್ಯವಿಲ್ಲ.

ಮಾವನನ್ನು ಕೇಳು. ನನಗೆ ಬೇಜಾರಾಗುತ್ತದೆಂದು ಏನೂ ತಿದ್ದಬೇಡ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆ.


ಏಪ್ರಿಲ್ 18

ಸಾರಥಿ,

ಹೇಳಿದ ಹಾಗೇ ಬರೆಯುತ್ತಿದ್ದೇನೆ. ಒಂದು ಮಾತೂ ತಪ್ಪಬಾರದೆಂದು ಡ್ರಾಯರಿನಿಂದ ಕಿವಿಯ ಮೆಷಿನ್ ತೆಗೆದು ಹಾಕಿಕೊಂಡು ಮಾವನ ಎದುರಿಗೆ ಕೂತೆ. ಅವರು ಹಬೆಯಾಡುವ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ನಡುಕ ಕಾಣದಿರಲಿ ಎಂದು.

"ಮಾವ, ಅವನು ಕಾರು ಎಲ್ಲಿ ಗುದ್ದಿದೆ ಅಂತ ಹೇಳಿದ?"

"ಗುದ್ದಿದ್ನಾ? ಯಾವಾಗ?"

"ನೀವೇ ತಾನೇ ಬಾಗಿಲು ಸರಿಮಾಡಿದ್ದು?"

ಲೋಟ ಕೆಳಗಿಟ್ಟರು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ. "ಬೈಬೇಡ ಕಣೆ. ಪೆಟ್ಟಿಗೆ ಬೀಗ ನಾನು ಮುಟ್ಟಿಲ್ಲ. ಮೂಲೆ ಗ್ಯಾರೇಜಿನವನ ಹತ್ರ ಸಾಮಾನು ಕಡ ತಂದೆ. ನೀವು ಕಿವಿ ಡಾಕ್ಟ್ರ ಹತ್ರ ಹೋದ್ರಲ್ಲ, ಇಡೀ ದಿನ ಸಿಕ್ತು."

"ಅವನು ಹೇಳಿದ್ನಾ ಮಾಡಿ ಅಂತ?"

"ಅವನಿಗೆಲ್ಲಿ ಗೊತ್ತು? ಅದೇ ಅಲ್ವಾ ಮಜಾ! ಯಾರೋ ಅವನಿಗೆ ಏಟು ತಿಂದ ಕಾರು ಕಟ್ಟಿಬಿಟ್ಟಿದಾರೆ, ಎಡಗಡೆ ನೋಡದೇ ತಗೊಂಡಿದಾನೆ ಪೆದ್ದ. ನೆಗ್ಗಿನೊಳಗೆ ತುಕ್ಕು ಹಿಡಿದು ಎಷ್ಟೋ ತಿಂಗಳಾಗಿತ್ತು. ನಾಳೆ ಯಾವನಾದ್ರೂ ತೋರಿಸಿ ನಕ್ರೆ ಹುಡುಗ ನೊಂದ್ಕೋತಾನೆ ಅಂತ ತಟ್ಟಿ ಸರಿ ಮಾಡ್ದೆ. ನಿಂಗೆ ಸನ್ನೆ ಮಾಡಿದ್ನಲ್ಲ, ಅವನ ಕಿವಿಗೆ ಬೀಳೋದು ಬೇಡ ಅಂತ. ಒಂದಲ್ಲ ಒಂದು ದಿನ ಬಾಗಿಲು ಒರೆಸುವಾಗ ಮಾವನ ಕೈ ಅಂತ ಅವನಿಗೇ ಗೊತ್ತಾಗ್ಲಿ ಅಂತ ಕಾಯ್ತಿದೀನಿ. ಇನ್ನೂ ಗೊತ್ತಾಗಿಲ್ವಾ?"

ಸಾರಥಿ, ನೀನು ಗುದ್ದಿಲ್ಲ. ನಿನಗೆ ಮರೆತೂ ಇಲ್ಲ. ಮರೆಯಲು ಅಲ್ಲಿ ಏನೂ ಇರಲೇ ಇಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿಕೋ, ಆಮೇಲೆ ಮುಂದಿನದು.

ನಾನು ಅವರಿಗೆ ಎಲ್ಲ ಹೇಳಬೇಕಾಯಿತು. ನಿನ್ನ ಗೇಟಿನ ತಮಾಷೆ, ಬಾಡಿಗೆ, ಕಂಪನಿ, ಬಸ್ಸು. ಮೊದಲು "ಹಂಗಾದ್ರೆ ಬಾಡಿಗೆ ಕಾರಿಗೆ ಬಿಟ್ಟಿ ಕೆಲಸ ಮಾಡಿದ್ನಾ ನಾನು?" ಎಂದರು. ಆಮೇಲೆ "ಆ ಹುಡುಗ ಬಸ್ ಬಿಟ್ಟು ಮನೇಲಿ ಕೂತಿದಾನಾ, ನನ್ನ ಕೈಯಿಂದ?" ಎಂದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಎದ್ದು ಕನ್ನಡಕ ಹುಡುಕಿ, ಕಂಪನಿಗೆ ತಾವೇ ಬರೆಯಲು ಕೂತರು. ಅಕ್ಷರಗಳು ಕುಣಿದಾಡಿವೆ, ಆದರೂ ಓದಬಹುದು. ಇದರ ಜೊತೆ ಕಳಿಸಿದ್ದೇನೆ. 'ಪುಟ್ಟಿ ಕೆರೆದು ನೋಡಿ. ಒಳಗಿನ ತುಕ್ಕು ನನ್ನ ಅಳಿಯನಿಗಿಂತ ಮೊದಲಿನದು.'

ಕೊನೆಗೆ ಒಂದು ಕೇಳಿದರು: "ಅವರಿಗೆ ಗೊತ್ತಾಗೋಕೆ ಇಷ್ಟು ದಿನ ಯಾಕೆ ಬೇಕಾಯ್ತಂತೆ?"

ಇನ್ನು ಧೈರ್ಯವಾಗಿರು. ಅಂದ ಹಾಗೆ, ನಮ್ಮ ಲಾಂಡ್ರಿಗೆ ಹೊಸ ಮೆಷಿನ್ ಬಂದಿದೆ. ಬಟ್ಟೆ ಹಾಕುವ ಮೊದಲೇ ನಡುಗುತ್ತದೆ, ಹಾಕಿದ ಮೇಲೆ ಬೈಯುತ್ತದೆ. ಎಲ್ಲರೂ ಸೇರಿ ಅದಕ್ಕೆ ಏನು ಹೆಸರಿಟ್ಟಿದ್ದೇವೆ ಹೇಳು? 'ಅತ್ತೆ'!

ಅಕ್ಕ


ಮೇ 8

ಅಕ್ಕ,

ಮೊದಲು ಕಂಪನಿಯ ಕಥೆ. ಮಾವನ ಕಾಗದ ಹಿಡಿದು ನಾನೇ ಹೋದೆ. ಮ್ಯಾನೇಜರ್ ಓದಿ, ನನ್ನ ಹಳೆಯ ಕಾಗದವನ್ನು ಪಕ್ಕಕ್ಕಿಟ್ಟು, "ಡಿಕ್ಕಿಯಾಗಿದೆ ಅಂತ ನೀವೇ ಒಪ್ಕೊಂಡಿದೀರಲ್ರೀ!" ಎಂದರು. "ಹೆದರಿ ಒಪ್ಕೊಂಡೆ" ಎಂದೆ. "ಮಾಡದೇ ಇರೋದನ್ನ ಯಾರಾದ್ರೂ ಒಪ್ಕೋತಾರಾ?" ಎಂದರು. ನಮ್ಮ ಮನೆಯವರ ಪರಿಚಯ ಅವರಿಗಿಲ್ಲ.

ಅವರ ಮೆಕ್ಯಾನಿಕ್ ನನ್ನ ಎದುರೇ ಬಾಗಿಲು ಕೆರೆದ. ಬಣ್ಣ, ಅದರಡಿ ಪುಟ್ಟಿ, ಅದರಡಿ ಕಂದುಬಣ್ಣದ ತುಕ್ಕು, ಹಳೆಯದು, ಪದರು ಪದರಾಗಿ. ಅದನ್ನು ನೋಡಿ ನನಗಾದ ಸಂತೋಷವನ್ನು ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ. ದಂಡ ವಾಪಸು ಬಂತು. ಆದರೆ 'ಅನುಮತಿಯಿಲ್ಲದೆ ರಿಪೇರಿ' ಎಂದು ಸಣ್ಣದೊಂದು ಮೊತ್ತ ಉಳಿಸಿಕೊಂಡಿದ್ದಾರೆ. ಕೆಟ್ಟದು ಮಾಡಿದ್ದಕ್ಕಲ್ಲ, ಕೇಳದೆ ಒಳ್ಳೆಯದು ಮಾಡಿದ್ದಕ್ಕೆ. ಕೊಟ್ಟೆ.

ಮಾವನ ಪ್ರಶ್ನೆಯನ್ನೂ ಕೇಳಿದೆ. ಮೆಕ್ಯಾನಿಕ್ ಹೇಳಿದ: "ಕಣ್ಣಿಗೆ ಸಿಗ್ಲೇ ಇಲ್ಲ ಸಾರ್. ಬಣ್ಣದ ದಪ್ಪ ಅಳೆಯೋ ಮೆಷಿನ್ ಇಟ್ಟಾಗ್ಲೇ ಗೊತ್ತಾಗಿದ್ದು. ಯಾರ ಕೈ ಅದು?" ಮಾವನಿಗೆ ಇದನ್ನು ಜೋರಾಗಿ ಓದಿ ಹೇಳು. ಎರಡು ಸಲ ಓದು.

ಹಸಿರು ಪರದೆಯವರು ಬಹಳ ಹೊತ್ತು ಪರೀಕ್ಷೆ ಮಾಡಿ, "ನಿಮ್ಮ ತಲೆ ಸರಿಯಾಗಿದೆ" ಎಂದು ಬರೆದುಕೊಟ್ಟರು. ಈ ಸರ್ಟಿಫಿಕೇಟ್ ಊರಲ್ಲಿ ಇನ್ಯಾರ ಹತ್ತಿರವೂ ಇಲ್ಲ. ಮಂಜಿನ ರಸ್ತೆಯನ್ನು ಕೇಳಿದೆ. ಡ್ರೈವರುಗಳಿಗೆಲ್ಲ ಅಂಥ ರಸ್ತೆಯೊಂದು ಇದ್ದೇ ಇರುತ್ತದಂತೆ. ಸೋಮವಾರದಿಂದ ಬಸ್ಸು ಹತ್ತಿದ್ದೇನೆ. ನನ್ನ ಬೆನ್ನಿಗೆ ಕೂರುವ ಹುಡುಗಿಗೆ ಒಂದು ಹಲ್ಲು ಬಂದಿದೆ.

ಎಲೆಕೋಸು, ಆಲೂಗಡ್ಡೆ ವಿಷಯ ಬಿಟ್ಟುಬಿಡು. ಯಾವುದಾದರೇನು, ಚೆನ್ನಾಗಿತ್ತು. ನೀನು ಹೇಗಿದ್ದೀಯ? ಲಾಂಡ್ರಿಯಲ್ಲಿ ಕೆಲಸ ಜಾಸ್ತಿಯಾ? ಸರಿಯಾಗಿ ನಿದ್ದೆ ಮಾಡುತ್ತೀಯಾ?

ಸುಮ್ಮನೆ

(ಇಲ್ಲಿ ಒಂದು ಮಾತು ಹೊಡೆದುಹಾಕಿದ್ದೇನೆ, ಏನೂ ಅಲ್ಲ.)

ತಮ್ಮ


ಮೇ 15

ಸಾರಥಿ,

ನೀನು ಹೊಡೆದುಹಾಕಿದ ಮಾತು ಓದಲು ಬರುತ್ತದೆ. ಕಾಗದದ ಹಿಂಬದಿಯಿಂದ ಬೆಳಕಿಗೆ ಹಿಡಿದೆ.

ನಿನ್ನ ಕಾಗದವನ್ನು ಮಾವನಿಗೆ ಎರಡು ಸಲ ಓದಿದೆ. 'ಯಾರ ಕೈ ಅದು' ಎಂಬಲ್ಲಿಗೆ ಬಂದಾಗ ತಮ್ಮ ಕೈಯನ್ನು ಮುಂದೆ ಚಾಚಿ ನೋಡಿಕೊಂಡರು. ನಡುಗುತ್ತಿತ್ತು, ಆದರೂ ನೋಡಿಕೊಂಡರು. ಸೂಪಿನ ಸಾಲು ಬಂದಾಗ "ಎಲೆಕೋಸು ಕಣೆ" ಎಂದರು. "ಇಲ್ಲ ಮಾವ, ಆಲೂಗಡ್ಡೆ, ಬೆರಳು ಕೊಯ್ದುಕೊಂಡೆನಲ್ಲ" ಎಂದೆ. "ಬೆರಳು ಕೊಯ್ದುಕೊಂಡಿದ್ದು ನಿಮ್ಮಮ್ಮ. ನೀನು ಆಗ ಲಂಗ ಹಾಕ್ತಿದ್ದೆ" ಎಂದರು.

ನನ್ನ ಹೆಬ್ಬೆರಳು ನೋಡಿಕೊಂಡೆ. ಗಾಯದ ಗುರುತಿಲ್ಲ.

ಆಮೇಲೆ ಲಾಂಡ್ರಿಯ ಹುಡುಗಿಯರಿಗೆ ಏನೋ ಹೇಳಲು ಹೊರಟೆ, ಅವರು ಒಬ್ಬರ ಮುಖ ಒಬ್ಬರು ನೋಡಿ, "ಹೂಂ ಅಕ್ಕ, ಹೇಳಿದ್ರಿ" ಎಂದು ಮೆಲ್ಲಗೆ ಹೇಳಿದರು. ಎಷ್ಟು ಮೆಲ್ಲಗೆ ಎಂದರೆ ಕಿವಿಯ ಮೆಷಿನ್ ಹಾಕಿಕೊಂಡಿದ್ದರಿಂದ ಮಾತ್ರ ಕೇಳಿಸಿತು. ಮೊದಲೂ ಹೀಗೆ ಹೇಳುತ್ತಿದ್ದರೇನೋ, ನನಗೆ ಕೇಳಿಸುತ್ತಿರಲಿಲ್ಲವೇನೋ.

ಒಂದು ಕೇಳುತ್ತೇನೆ, ನಿಜ ಹೇಳು. 'ಅತ್ತೆ'ಯ ವಿಷಯ ನಿನಗೆ ಎಷ್ಟು ಸಲ ಬರೆದಿದ್ದೇನೆ?

ನನಗೆ ಹೆದರಿಕೆಯಾಗುತ್ತಿದೆ ಕಣೋ. ನಿನ್ನನ್ನು ಪರೀಕ್ಷೆ ಮಾಡಲು ಕೂತವಳು ನಾನು.

ಅಕ್ಕ


ಮೇ 19

ಅಕ್ಕ,

ಮೂರು ಸಲ. ನಿಜ ಹೇಳು ಎಂದೆ, ಹೇಳಿದ್ದೇನೆ. ಮೂರನೆಯ ಸಲ ಓದಿದಾಗ ನನ್ನ ಕೈ ಮಾರ್ಚಿನಲ್ಲಿ ತಣ್ಣಗಾದ ಹಾಗೇ ಆಯಿತು. ನಿನಗೆ ಹೇಳಲಿಲ್ಲ. ನೀನು ಮಾವನ ಅಂಗಿಯ ಕಲೆಯನ್ನು ನನ್ನಿಂದ ಮುಚ್ಚಿಟ್ಟ ಹಾಗೇ ಮುಚ್ಚಿಟ್ಟೆ. ಇನ್ನು ಈ ಮುಚ್ಚಾಟ ಸಾಕು.

ನನಗೂ ಹೆದರಿಕೆಯಾಗುತ್ತಿದೆ. ಅದೇನೂ ಅಲ್ಲ ಎಂದು ಬರೆಯಲು ಹೊರಟೆ, ಬರೆಯಲಿಲ್ಲ. ಕೆರೆದು ನೋಡದೆ ಅಡಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬರೀ ದಣಿವಿರಬಹುದು, ಕಿವಿ ಕೇಳದವರಿಗೆ ಮಾತು ತಪ್ಪಿಹೋಗುವುದೂ ಇರಬಹುದು. ಅಥವಾ ಅದೇ ಇರಬಹುದು.

ಮೇಡಂ ಹತ್ತಿರ ಒಂದು ವಾರ ರಜೆ ಕೇಳಿದೆ. ಈ ಸಲ ಕಾರಣ ಹೇಳಿದೆ. ಶನಿವಾರ ಬರುತ್ತಿದ್ದೇನೆ, ರೈಲಿನಲ್ಲಿ. ರೈಲು ನನ್ನದೇ ಎಂದು ಮಾವನಿಗೆ ಹೇಳುವುದಿಲ್ಲ. ಬುಧವಾರಕ್ಕೆ ಹಸಿರು ಪರದೆಯವರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ, ಕರೆದುಕೊಂಡು ಹೋಗಿ ಬರುತ್ತೇನೆ. ಮೆಷಿನ್ ಹಾಕಿಕೊಂಡು ಬಾ. ನಾನು ನಿನ್ನ ಪಕ್ಕದಲ್ಲೇ ಕೂರುತ್ತೇನೆ. ಅವರು ಕೇಳುವಾಗ ನನ್ನ ಮುಖ ನೋಡಬೇಕೆನಿಸಿದರೆ ನೋಡು, ನಾನು ಕೈಚೀಲದ ಹಿಡಿ ತಿರುಚುವುದಿಲ್ಲ.

ಸಂಜೆ ಸೂಪು ಮಾಡು. ಯಾವುದೆಂದು ಹೇಳಬೇಡ. ಮೂವರೂ ಕೂತು ಕುಡಿಯೋಣ.

ಅಂದ ಹಾಗೆ ನಿಮ್ಮ ಲಾಂಡ್ರಿಗೆ ಹೊಸ ಮೆಷಿನ್ ಬಂದಿದೆಯಂತಲ್ಲ? ಅದಕ್ಕೆ ಏನೋ ಹೆಸರಿಟ್ಟಿದ್ದೀರಂತೆ. ಬಂದ ಮೇಲೆ ನಿಧಾನವಾಗಿ ಹೇಳು. ನಾನಿನ್ನೂ ಕೇಳಿಲ್ಲ.

ನಿನ್ನ ತಮ್ಮ